ಹಲವು ಕೈಗಳ ಒಂದು ಬರಹ



ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಬೇಗೂರಿನ ಹೆಸರನ್ನು ನೀವು ಕೇಳಿರಬಹುದು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗದ್ದೆಂದು ಗುರುತಿಸಲಾದ ಒಂದು ವೀರಗಲ್ಲಿದೆ. ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪ ಅದರಲ್ಲಿದೆ. ಇದೇ ಊರಿನ ಇನ್ನೊಂದು ಶಾಸನ ಗಂಗ ದೊರೆ ಎರೆಯಪ್ಪನ ಕಾಲದ್ದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಂಪೂರಿಗೆ, ಅಂದರೆ ಬೇಗೂರಿಗೆ, ಸೇರಿದ ಹಳ್ಳಿಗಳನ್ನು ಹೇಳುವಾಗ ಅದು ತೊವಗೂರು ಎಂಬ ಹೆಸರನ್ನೂ ಹೇಳುತ್ತದೆ. ಇಂದಿನ ತೋಗೂರನ್ನು ಈ ಹೆಸರು ನೆನಪಿಗೆ ತರುತ್ತದೆ. 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ್ದು ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರದ ನೆಲದಲ್ಲಿಯೇ.

ಕಲ್ಲಿನ ಬರಹಕ್ಕೂ ಗಣಕದ ಬರಹಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಪದ ಪದಗಳ ನಡುವೆ ತೆರಪಿರುವುದಿಲ್ಲ. ಅಕ್ಷರಗಳು ಸಾಲಾಗಿ ಸಾಗುತ್ತವೆ. ಕಲ್ಲಿನ ಅಂಚು ಬಂದಾಗ ಪದದ ನಡುವೆಯೇ ಸಾಲು ಮುರಿಯುತ್ತದೆ. ಎಲ್ಲಿ ಬಿಡಿಸಿ ಓದಬೇಕೆಂಬುದು ಓದುವವರ ಹೊಣೆ. 1905ರಲ್ಲಿ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಹೊರತಂದರು. ಇಂಥ ಕೆಲಸ ಒಬ್ಬರಿಂದ ಮುಗಿಯುವುದಲ್ಲ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಆದ್ದರಿಂದ ಶಾಸನತಜ್ಞರು ಕೆಲವು ಪದ್ಧತಿಗಳಿಗೆ ಒಪ್ಪಿಕೊಂಡರು: ಸಾಲುಗಳಿಗೆ ಸಂಖ್ಯೆ ಕೊಡುವುದು, ಅಳಿಸಿಹೋದ ಅಕ್ಷರಗಳನ್ನು ಗುರುತು ಹಾಕಿ ತೋರಿಸುವುದು, ತಮ್ಮ ತಿದ್ದುಪಡಿಯನ್ನು ಮೂಲದೊಡನೆ ಬೆರೆಸದೆ ಬೇರೆಯಾಗಿ ಸೂಚಿಸುವುದು. ಈ ಒಪ್ಪಂದ ಇರದಿದ್ದರೆ ಕಲ್ಲು ಹೇಳಿದ್ದು ಯಾವುದು, ಪಂಡಿತರು ಊಹಿಸಿದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಈಗ ಗಣಕದ ಕಡೆಗೆ ಬರೋಣ. 1957ರಲ್ಲಿ ಫೋರ್ಟ್ರಾನ್ ಭಾಷೆ ಬಂದಾಗ ಬರಹದ ರೂಪದ ಬಗ್ಗೆ ಜಗಳಕ್ಕೆ ಎಡೆಯೇ ಇರಲಿಲ್ಲ. ಆಗ ಪ್ರೋಗ್ರಾಮನ್ನು 80 ಕಾಲಂಗಳ ರಟ್ಟಿನ ಕಾರ್ಡುಗಳ ಮೇಲೆ ರಂಧ್ರ ಕೊರೆದು ಬರೆಯುತ್ತಿದ್ದರು. ಮೊದಲ ಐದು ಕಾಲಂಗಳು ಸಾಲಿನ ಸಂಖ್ಯೆಗೆ, ಆರನೆಯದು ಮುಂದುವರಿಕೆಯ ಗುರುತಿಗೆ, ಏಳರಿಂದ ಎಪ್ಪತ್ತೆರಡರವರೆಗೆ ಆಜ್ಞೆಗೆ ಮೀಸಲು. ಯಂತ್ರವೇ ಕಟ್ಟುಪಾಡು ಹಾಕಿತ್ತು.

ಮುಂದೆ ಆಲ್ಗಾಲ್, ಸಿ ಮೊದಲಾದ ಭಾಷೆಗಳು ಈ ಕಟ್ಟನ್ನು ಸಡಿಲಿಸಿದವು. ಸಾಲನ್ನು ಎಲ್ಲಿ ಬೇಕಾದರೂ ಮುರಿಯಬಹುದು, ಎಷ್ಟು ತೆರಪು ಬೇಕಾದರೂ ಬಿಡಬಹುದು. ಯಂತ್ರಕ್ಕೆ ಎಲ್ಲವೂ ಒಂದೇ. ಸ್ವಾತಂತ್ರ್ಯ ಬಂದೊಡನೆ ಭಿನ್ನಾಭಿಪ್ರಾಯವೂ ಬಂತು. ಪುಷ್ಪಾವರಣವನ್ನು ಅದೇ ಸಾಲಿನ ಕೊನೆಯಲ್ಲಿ ತೆರೆಯಬೇಕೇ, ಕೆಳಗಿನ ಸಾಲಿನಲ್ಲಿಯೇ? ಸಾಲಿನ ಮೊದಲಿಗೆ ಟ್ಯಾಬ್ ಒತ್ತಬೇಕೇ, ಸ್ಪೇಸ್ ಒತ್ತಬೇಕೇ? ಎರಡು ತೆರಪೋ, ನಾಲ್ಕೋ, ಎಂಟೋ? 1978ರಲ್ಲಿ ಸಿ ಭಾಷೆಯ ಪ್ರಸಿದ್ಧ ಪುಸ್ತಕ ಬರೆದ ಕರ್ನಿಗನ್ ಮತ್ತು ರಿಚಿ ಅವರು ಆವರಣದ ಸ್ಥಾನವನ್ನು ದೊಡ್ಡ ವಿಷಯವಾಗಿ ಎಣಿಸಲಿಲ್ಲ. ಯಾವುದಾದರೊಂದು ಪದ್ಧತಿಯನ್ನು ಆರಿಸಿಕೊಂಡು ತಪ್ಪದೆ ಪಾಲಿಸಿ ಎಂಬುದು ಅವರ ಸಲಹೆಯ ಸಾರ.

ಇದು ಬರಿಯ ಅಂದಚೆಂದದ ಮಾತೇ? ಅಲ್ಲ ಎಂಬುದಕ್ಕೆ 2014ರ ಒಂದು ಘಟನೆಯನ್ನು ನೋಡಿ. ಆಪಲ್ ಸಂಸ್ಥೆಯ ತಂತ್ರಾಂಶದಲ್ಲಿ, ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಭಾಗದಲ್ಲಿ, ಒಂದೇ ಆಜ್ಞೆ ಎರಡು ಸಾಲುಗಳಲ್ಲಿ ಬಂದುಬಿಟ್ಟಿತ್ತು. ಮೊದಲನೆಯದು ಮೇಲಿನ ಷರತ್ತಿಗೆ ಒಳಪಟ್ಟದ್ದು. ಎರಡನೆಯದಕ್ಕೆ ಯಾವ ಷರತ್ತೂ ಇರಲಿಲ್ಲ. ಆದರೆ ಅದೂ ಅಷ್ಟೇ ಒಳಕ್ಕೆ ಸರಿದು ನಿಂತಿತ್ತು. ಓದುವ ಕಣ್ಣಿಗೆ ಎರಡೂ ಷರತ್ತಿನ ಅಡಿಯಲ್ಲೇ ಇದ್ದಂತೆ ಕಂಡವು. ಯಂತ್ರವು ತೆರಪನ್ನು ಲೆಕ್ಕಿಸದೆ ಪ್ರತಿ ಬಾರಿಯೂ ಎರಡನೆಯ ಆಜ್ಞೆಯನ್ನು ಪಾಲಿಸಿ, ಮುಂದಿನ ಪರೀಕ್ಷೆಯನ್ನೇ ದಾಟಿಹೋಯಿತು. ಸುರಕ್ಷಿತವೆಂದು ಜನ ನಂಬಿದ್ದ ಸಂಪರ್ಕದಲ್ಲಿ ನಡುವೆ ಕುಳಿತವರು ಮೋಸ ಮಾಡಲು ಅವಕಾಶವಾಯಿತು. ಷರತ್ತು ಒಂದೇ ಸಾಲಿನದಾದರೂ ಆವರಣ ಹಾಕಲೇಬೇಕೆಂಬ ನಿಯಮವನ್ನು ಅನೇಕ ತಂಡಗಳು ಇಟ್ಟುಕೊಂಡಿರುವುದು ಏಕೆಂದು ಇದರಿಂದ ಅರ್ಥವಾಗುತ್ತದೆ.

ಒಪ್ಪಂದಕ್ಕೆ ಬಂದ ದಾರಿಗಳು ಹಲವು. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯಲ್ಲಿ ಗೀಡೋ ವಾನ್ ರೋಸಮ್ ಅವರು ತೆರಪನ್ನೇ ವ್ಯಾಕರಣವಾಗಿಸಿದರು. ಅಲ್ಲಿ ಕಣ್ಣಿಗೆ ಕಂಡಂತೆಯೇ ಯಂತ್ರವೂ ಓದುತ್ತದೆ. 2001ರಲ್ಲಿ ಆ ಸಮುದಾಯ ನಾಲ್ಕು ಸ್ಪೇಸುಗಳ ಪದ್ಧತಿಯನ್ನು ಬರಹದಲ್ಲಿ ಗೊತ್ತುಪಡಿಸಿತು. ಲಿನಕ್ಸ್ ತಿರುಳಿನ ತಂಡ ಎಂಟು ಅಕ್ಷರದಗಲದ ಟ್ಯಾಬನ್ನು ಉಳಿಸಿಕೊಂಡಿತು. 2009ರಲ್ಲಿ ಪ್ರಕಟವಾದ ಗೋ ಭಾಷೆಯವರು ಬೇರೆ ಉಪಾಯ ಹೂಡಿದರು: ಯಾರು ಹೇಗೆ ಬರೆದರೂ ಒಂದೇ ರೂಪಕ್ಕೆ ತರುವ ಸಲಕರಣೆಯನ್ನು ಭಾಷೆಯ ಜೊತೆಗೇ ಕೊಟ್ಟರು. ಆ ರೂಪ ಎಲ್ಲರಿಗೂ ಇಷ್ಟವಾಗಬೇಕೆಂದಿಲ್ಲ. ಹಿರಿಯರಿಗೂ ಹೊಸಬರಿಗೂ ಅದು ಒಂದೇ ಆದ್ದರಿಂದ ವಾದಕ್ಕೆ ಕಾರಣ ಉಳಿಯಲಿಲ್ಲ.

ನಮ್ಮ ಕನ್ನಡವೂ ಇಂಥದೇ ಕಷ್ಟವನ್ನು ದಾಟಿ ಬಂದಿದೆ. 1990ರ ದಶಕದಲ್ಲಿ ಕನ್ನಡ ತಂತ್ರಾಂಶಗಳು ತಮ್ಮ ತಮ್ಮ ಕೀಲಿಮಣೆ ವಿನ್ಯಾಸ, ತಮ್ಮ ತಮ್ಮ ಅಕ್ಷರ ಸಂಕೇತಗಳನ್ನು ಬಳಸುತ್ತಿದ್ದವು. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನು ಮನೆಮನೆಗೆ ತಲುಪಿಸಿತು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದು ಬಳಕೆಗೆ ಬಂದಂತೆ ಒಬ್ಬರ ಕನ್ನಡ ಇನ್ನೊಬ್ಬರ ಯಂತ್ರದಲ್ಲೂ ಕನ್ನಡವಾಗಿಯೇ ಕಂಡಿತು. ಇದಕ್ಕಾಗಿ ಬಹಳ ಜನ ಬೆರಳಿಗೆ ಅಂಟಿದ ಹಳೆಯ ಅಭ್ಯಾಸವನ್ನು ಬಿಡಬೇಕಾಯಿತು. ಒಪ್ಪಂದಕ್ಕೆ ತೆರಬೇಕಾದ ಬೆಲೆ ಅದು.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಹಳೆಯ ಪ್ರೋಗ್ರಾಮನ್ನು ಹೊಸ ರೂಪಕ್ಕೆ ತರುವಾಗ ಅದರೊಡನೆ ಅರ್ಥದ ತಿದ್ದುಪಡಿಯನ್ನು ಬೆರೆಸಬಾರದು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂಬ ಲೆಕ್ಕವನ್ನು ಇಂದು ಗಿಟ್‌ನಂಥ ಸಲಕರಣೆಗಳು ಇಡುತ್ತವೆ. ಸಾವಿರ ಸಾಲುಗಳಲ್ಲಿ ತೆರಪು ಬದಲಾಗಿ, ಅದರ ನಡುವೆ ಒಂದೇ ಒಂದು ಸಾಲಿನ ಅರ್ಥ ಬದಲಾಗಿದ್ದರೆ ಅದನ್ನು ಕಂಡುಹಿಡಿಯುವವರು ಯಾರು? ತಿದ್ದುಪಡಿಯನ್ನು ಬೇರೆಯಾಗಿ ತೋರಿಸುವ ಶಾಸನತಜ್ಞರ ಶಿಸ್ತು ಇಲ್ಲಿಯೂ ಬೇಕು. ರೂಪದ ಬದಲಾವಣೆ ಒಂದು ದಿನ, ಅರ್ಥದ ಬದಲಾವಣೆ ಇನ್ನೊಂದು ದಿನ.

ನಿಮ್ಮ ಕಾಲೇಜಿನಲ್ಲಿ ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಮಾಡುವ ಸಂದರ್ಭ ಬಂದಾಗ, ಮೊದಲ ಸಾಲು ಬರೆಯುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ತೆರಪು ಎಷ್ಟು, ಆವರಣ ಎಲ್ಲಿ, ಸಾಲಿನ ಉದ್ದ ಎಷ್ಟು, ಹೆಸರಿಡುವ ಕ್ರಮ ಯಾವುದು ಎಂದು ಬರೆದು ನಾಲ್ವರೂ ಒಪ್ಪಿಕೊಳ್ಳಿ. ಸಾಧ್ಯವಿದ್ದಲ್ಲಿ ಅದನ್ನು ಜಾರಿಗೆ ತರುವ ಕೆಲಸವನ್ನು ಯಂತ್ರಕ್ಕೇ ಬಿಡಿ. ಗೆಳೆಯನ ತಪ್ಪನ್ನು ಗೆಳೆಯ ಎತ್ತಿ ಹೇಳುವ ಮುಜುಗರ ಇರುವುದಿಲ್ಲ. ನಿಮ್ಮ ಇಷ್ಟದ ಪದ್ಧತಿ ಆ ಹಾಳೆಯಲ್ಲಿ ಬರದೆ ಹೋಗಬಹುದು. ಆರು ತಿಂಗಳ ನಂತರ ಗೆಳೆಯರು ಬರೆದ ಭಾಗವನ್ನು ತಡವರಿಸದೆ ಓದುವಾಗ ಆ ಹಾಳೆಯ ಬೆಲೆ ನಿಮಗೆ ತಿಳಿಯುತ್ತದೆ.