ಉತಾರಕ್ಕೆ ಕಾಯ್ದವರು

2018ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಟ್ರಾನ್ಸ್‌ಕ್ರೈಬ್ ಎಂಬ ತನ್ನ ಕ್ಲೌಡ್ ಸೇವೆಗೆ, ಮನುಷ್ಯನು ಮಾತನಾಡುತ್ತಿರುವಾಗಲೇ ಆ ಮಾತನ್ನು ಅಕ್ಷರಕ್ಕಿಳಿಸಿ ಹರಿಯಬಿಡುವ ಸಾಮರ್ಥ್ಯವನ್ನು ಕೂಡಿಸಿತಾದರೂ, ಆ ಸೇವೆಯನ್ನು ಬಳಸಿಕೊಳ್ಳುವ ಸಲುವಾಗಿ ತಂತ್ರಾಂಶ ರಚಿಸುವವರಿಗೆ ಒದಗಿಸುವ ಸಲಕರಣೆಗಳ ಸಂಚಿಯಲ್ಲಿ, ಎಂದರೆ ಎಸ್‌ಡಿಕೆಯಲ್ಲಿ, ಪೈಥಾನ್ ಭಾಷೆಯಲ್ಲಿ ಬರೆಯುವವರ ಪಾಲಿಗೆ ಈ ಹರಿವಿನ ಸಲಕರಣೆಯೊಂದು ಮಾತ್ರ ಇರಲಿಲ್ಲ. ಧ್ವನಿಯನ್ನೆಲ್ಲ ಒಂದು ಕಡತವಾಗಿ ಕಟ್ಟಿ ಕಳುಹಿಸಿ, ಕೆಲಸವನ್ನು ದಾಖಲು ಮಾಡಿಸಿ, ಕೆಲವು ಕ್ಷಣಗಳಿಗೊಮ್ಮೆ ‘ಮುಗಿಯಿತೇ?’ ಎಂದು ವಿಚಾರಿಸುತ್ತ, ‘ನಡೆಯುತ್ತಿದೆ’ ಎಂಬ ಉತ್ತರವನ್ನೇ ಪುನಃ ಪುನಃ ಪಡೆಯುತ್ತ, ಕಟ್ಟಕಡೆಗೆ ಇಡಿಯ ಪಠ್ಯವನ್ನು ಒಮ್ಮೆಲೇ ಕೈಗೆ ತೆಗೆದುಕೊಳ್ಳುವುದು ಅವರ ಪಾಡಾಯಿತು. 2020ರಲ್ಲಿ ಅವರಿಗಾಗಿ ಪ್ರತ್ಯೇಕವಾದ ಒಂದು ಪುಟ್ಟ ಲೈಬ್ರರಿ ಬಂದಿತು. ಆದರೆ ಅಷ್ಟರೊಳಗೆ, ಕಾಯಲಾರದವರು ತಾವೇ ಏನೇನೋ ಜೋಡಿಸಿಕೊಂಡು ನಡುವಿನ ಕಂದರವನ್ನು ದಾಟಿಬಿಟ್ಟಿದ್ದರು.

ಈ ಪಾಡು ಗಣಕಯುಗದ ಸೃಷ್ಟಿಯೆಂದು ಬಗೆಯುವವರು ನವಲಗುಂದ ತಾಲೂಕಿನ ಮೊರಬದಂಥ ಎರಿಹೊಲಗಳ ಊರಿಗೆ ಬಂದು, ಹಿರಿಯ ರೈತರೊಬ್ಬರ ಟ್ರಂಕಿನ ತಳದಲ್ಲಿರುವ ಕಾಗದದ ಕಟ್ಟನ್ನು ಬಿಚ್ಚಿಸಿ ನೋಡಬೇಕು. ಹೊಲದಲ್ಲಿ ಸಂಭವಿಸಿದುದು ಕಾಗದದಲ್ಲಿ ಕಾಣಿಸಿಕೊಳ್ಳಲು ಎಷ್ಟು ಕಾಲ ಬೇಕು, ಆ ಕಾಲದ ಅಂತರದಲ್ಲಿ ಯಾರು ಕುಳಿತಿರುತ್ತಾರೆ, ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಸೀಮೆಯ ಭೂದಾಖಲೆಯ ಚರಿತ್ರೆಯು ಸುಮಾರು ನೂರಾಎಂಬತ್ತು ವರ್ಷಗಳಿಂದ ತಿರುಗುತ್ತಿದೆ.

1840ರ ದಶಕದಲ್ಲಿ ಜಾರ್ಜ್ ವಿಂಗೇಟನು ದಕ್ಷಿಣ ಮರಾಠಾ ಪ್ರಾಂತದ ಭೂಮಾಪನದ ಅಧಿಕಾರಿಯಾಗಿ ಧಾರವಾಡ ಜಿಲ್ಲೆಯನ್ನು ಅಳೆಯಿಸಿದಾಗ, ಪ್ರತಿಯೊಂದು ಹೊಲಕ್ಕೂ ಒಂದು ಸರ್ವೆ ನಂಬರು, ಅಂಚಿಗೆ ಕಲ್ಲು, ಮಣ್ಣಿನ ಆಳ ಮತ್ತು ಬಣ್ಣಗಳನ್ನು ಪರೀಕ್ಷಿಸಿ ಹದಿನಾರಾಣೆಯ ಮಾನದಲ್ಲಿ ಕಟ್ಟಿದ ದರ್ಜೆ, ಇವೆಲ್ಲವೂ ಪ್ರಾಪ್ತವಾದವು. ಎರಿಮಣ್ಣಿನ ಈ ನಾಡಿಗೆ ಅದು ಅಪೂರ್ವವಾದ ವ್ಯವಸ್ಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಲೆಕ್ಕದ ಆಯುಸ್ಸು ಮೂವತ್ತು ವರ್ಷ. ಒಮ್ಮೆ ನಿಶ್ಚಯಿಸಿದ ಕಂದಾಯದ ಆಕಾರವು ಮೂವತ್ತು ವರ್ಷ ಅಲುಗದು ಎಂಬುದು ರೈತನಿಗೆ ಅಭಯವಾಗಿದ್ದಿತು ನಿಜ. ಅದೇ ಮೂವತ್ತು ವರ್ಷಗಳಲ್ಲಿ ತಂದೆ ತೀರಿಕೊಂಡು, ಅಣ್ಣತಮ್ಮಂದಿರು ಪಾಲಾಗಿ, ಮಗಳ ಮದುವೆಗೆಂದು ಒಂದು ತುಂಡು ಅಡವಾಗಿ, ಸಾಹುಕಾರನ ವಶಕ್ಕೆ ಮತ್ತೊಂದು ತುಂಡು ಸರಿದು, ಹೊಲದ ಮೇಲಿನ ಮನುಷ್ಯಸಂಬಂಧಗಳೆಲ್ಲ ಬದಲಾಗಿ ಹೋಗುತ್ತಿದ್ದವು. ಸರಕಾರಕ್ಕೆ ಬೇಕಾಗಿದ್ದುದು ಕಂದಾಯವನ್ನು ಯಾರು ತುಂಬುವರೆಂಬುದಷ್ಟೇ ಆದುದರಿಂದ, ಹಕ್ಕು ಯಾರದೆಂಬ ಪ್ರಶ್ನೆಯನ್ನು ಆ ದಪ್ತರವು ತನ್ನ ಮೈಗೆ ಹಚ್ಚಿಕೊಳ್ಳಲಿಲ್ಲ.

ಮುಂಬಯಿ ಸರಕಾರವು 1903ರಲ್ಲಿ ಹಕ್ಕುದಾಖಲೆಯ ಕಾಯದೆಯನ್ನು ತಂದಾಗ ಮೊಟ್ಟಮೊದಲ ಬಾರಿಗೆ ಈ ಬದಲಾವಣೆಗಳನ್ನು ಅವು ಸಂಭವಿಸಿದಂತೆಯೇ ಬರೆದುಕೊಂಡು ಹೋಗುವ ಒಂದು ಪುಸ್ತಕವು ಹುಟ್ಟಿಕೊಂಡಿತು. ಖರೀದಿ, ವಾಟಣಿ, ವಾರಸಾ, ಅಡವು, ಯಾವುದೇ ಆಗಲಿ, ಹಕ್ಕು ಪಡೆದವನು ವರ್ದಿ ಕೊಡಬೇಕು, ಅದಕ್ಕೊಂದು ನಂಬರು ಬೀಳಬೇಕು, ತಕರಾರಿದ್ದವರು ಹೇಳಿಕೊಳ್ಳಬೇಕು, ಆಮೇಲೆ ಮೇಲಿನ ಅಧಿಕಾರಿ ಮಂಜೂರು ಮಾಡಬೇಕು. ನನ್ನ ಅಭಿಪ್ರಾಯದಲ್ಲಿ, ಮೂವತ್ತು ವರ್ಷಕ್ಕೊಮ್ಮೆ ತೆಗೆದ ಚಿತ್ರದ ಸ್ಥಾನದಲ್ಲಿ ದಿನದಿನದ ಬರವಣಿಗೆಯನ್ನು ತಂದಿರಿಸಿದ ಈ ಕಾಯದೆಯು, ಶತಮಾನದ ತರುವಾಯ ಬಂದ ಗಣಕಯಂತ್ರಕ್ಕಿಂತಲೂ ದೊಡ್ಡ ಪರಿವರ್ತನೆ. ಯಂತ್ರವು ವೇಗವನ್ನು ತಂದಿತು. ಹರಿವಿನ ಕಲ್ಪನೆಯನ್ನು ತಂದುದು ಆ ಪುಸ್ತಕವೇ.

ಕಲ್ಪನೆ ಬಂದೊಡನೆ ಹರಿವು ಬಂದಿತೆಂದೇನೂ ಅಲ್ಲ. ಲೇಖನಿ ಹಿಡಿದು ಕುಳಿತವನು ವಂಶಪರಂಪರೆಯ ಕುಲಕರ್ಣಿ. 1950ರ ಕಾಯದೆಯಿಂದ ಕುಲಕರ್ಣಿ ವತನಗಳು ರದ್ದಾದ ಮೇಲೆ ಸಂಬಳದ ತಲಾಠಿ. ಮೈಸೂರು ರಾಜ್ಯದ 1964ರ ಭೂಕಂದಾಯ ಕಾಯದೆಯ ತರುವಾಯ ಗ್ರಾಮಲೆಕ್ಕಿಗ. ಆ ಕಾಯದೆಯ 128ನೆಯ ಕಲಮು ಹಕ್ಕು ಪಡೆದ ಮೂರು ತಿಂಗಳೊಳಗೆ ವರ್ದಿ ಕೊಡಬೇಕೆಂದು ರೈತನಿಗೆ ವಿಧಿಸಿತಾದರೂ, ಕೊಟ್ಟ ವರ್ದಿಯು ಉತಾರದ, ಎಂದರೆ ಪಹಣಿಯ, ಒಂಬತ್ತನೆಯ ಕಾಲಮ್ಮಿನಲ್ಲಿ ಹೆಸರಾಗಿ ಮೂಡಲು ವಾಸ್ತವದಲ್ಲಿ ಎಷ್ಟು ಕಾಲ ಬೇಕೆಂಬುದು ಚಾವಡಿಯ ಕಟ್ಟೆಯ ಮೇಲೆ ನಿಂತು ಕೇಳುವವರ ಸಹನೆಯನ್ನು ಅವಲಂಬಿಸಿರುತ್ತಿದ್ದಿತು.

“ಸಾಹೇಬ್ರ, ನಮ್ಮಪ್ಪನ ವಾರಸಾ ಆತೇನ್ರೀ?”

“ಇನ್ನೂ ಆಗಿಲ್ಲೋ ಯಪ್ಪಾ. ಸರ್ಕಲ್ ಸಾಹೇಬ್ರ ಸಹಿ ಬಾಕಿ ಐತಿ. ಮುಂದಿನ ಸಂತಿ ದಿನ ಬಾ.”

ಮುಂದಿನ ಸಂತೆಯ ದಿನವೂ ಪ್ರಶ್ನೆ ಅದೇ, ಉತ್ತರವೂ ಅದೇ. ಕೆಲಸ ಮುಗಿದಾಗ ಹೇಳಿಕಳುಹಿಸುವ ಏರ್ಪಾಡು ಇಲ್ಲದಿದ್ದಲ್ಲಿ ಕೇಳುವವನೇ ಮೇಲಿಂದ ಮೇಲೆ ಹೋಗಿ ಬರಬೇಕಾಗುತ್ತದೆ. ಪೈಥಾನ್ ಬರೆಯುವವರು ತಮ್ಮ ಯಂತ್ರಕ್ಕೆ ಕಲಿಸಿದ್ದು ಈ ಓಡಾಟವನ್ನೇ, ಬಸ್ಸಿನ ಖರ್ಚು ಮತ್ತು ಚಹಾದ ಖರ್ಚುಗಳನ್ನು ಬಿಟ್ಟು. ಹೀಗೆ ಓಡಾಡುವವರಿದ್ದೆಡೆ, ಅವರ ಪರವಾಗಿ ಓಡಾಡಿಕೊಡುವ ಬುದ್ಧಿವಂತನೊಬ್ಬನು, ಕೋಟಿನ ಕಿಸೆಯಲ್ಲಿ ಮಡಚಿದ ಅರ್ಜಿಗಳನ್ನಿರಿಸಿಕೊಂಡು, ಕಚೇರಿಯ ಬೇವಿನ ಮರದ ಕೆಳಗೆ ತಾನಾಗಿಯೇ ಪ್ರತ್ಯಕ್ಷನಾಗುತ್ತಾನೆ. ವಿಳಂಬವು ಒಂದು ಉದ್ಯೋಗವನ್ನು ಸೃಷ್ಟಿಸುತ್ತದೆ, ಮತ್ತು ವಿಳಂಬವು ತೀರಿದ ಮೇಲೂ ಆ ಉದ್ಯೋಗವು ಬೇರೆ ವೇಷ ತೊಟ್ಟು ಉಳಿದುಕೊಳ್ಳುತ್ತದೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡ ಅಂಶವಿದು.

ಇದಕ್ಕೆ ವಿಪರೀತವಾದ ಒಂದು ಪ್ರಸಂಗವೂ ಈ ತಾಲೂಕಿನಲ್ಲಿಯೇ ನಡೆದುಹೋಯಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನ ಕಾಲುವೆಗಳು ಎಷ್ಟೋ ಹೊಲಗಳನ್ನು ಇನ್ನೂ ತಲುಪುವ ಮುನ್ನವೇ ಅವು ನೀರಾವರಿ ಭೂಮಿಗಳೆಂದು ಲೆಕ್ಕಕ್ಕೆ ಬಂದು, ಅಭಿವೃದ್ಧಿ ಕರದ ನೋಟೀಸುಗಳು ನೀರಿಗಿಂತ ಮೊದಲೇ ಮನೆಬಾಗಿಲಿಗೆ ಹರಿದುಬಂದವು. ರೈತನ ಹಕ್ಕನ್ನು ಬರೆಯಲು ತಡಮಾಡುತ್ತಿದ್ದ ಲೇಖನಿಯು ಅವನ ಋಣವನ್ನು ಬರೆಯುವಲ್ಲಿ ಕಾಲುವೆಯನ್ನೂ ಹಿಂದೆ ಹಾಕಿತು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಆ ಅಸಮಾಧಾನವು ಬಂಡಾಯವಾಗಿ ಸ್ಫೋಟಿಸಿ, ಗೋಲಿಬಾರಿನಲ್ಲಿ ಜೀವಗಳು ಹೋದವು. ಪ್ರತಿವರ್ಷವೂ ಆ ದಿನವನ್ನು ಈ ಸೀಮೆಯವರು ಹುತಾತ್ಮ ದಿನವೆಂದು ಆಚರಿಸುತ್ತಾರೆ.

2000ದ ಸುಮಾರಿಗೆ, ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳುತನದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲೂಕುಗಳಿಗೂ ವ್ಯಾಪಿಸಿ, 67 ಲಕ್ಷ ಭೂಮಾಲೀಕರ ಸುಮಾರು ಎರಡು ಕೋಟಿ ಉತಾರಗಳು ಗಣಕವನ್ನು ಹೊಕ್ಕವು. ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಿಂದ ಮುದ್ರಿತ ಉತಾರವು ಹೊರಬರುತ್ತಿದ್ದಿತು. ಕೈಬರಹದ ಉತಾರಕ್ಕೆ ಇನ್ನು ಬೆಲೆಯಿಲ್ಲವೆಂದು ಘೋಷಣೆಯೂ ಆಯಿತು. ಬಂದ ವರ್ದಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡನ್ನು ತಂತ್ರಾಂಶದೊಳಗೇ ಹೆಣೆದುದು ಆ ಯೋಜನೆಯ ಬುದ್ಧಿವಂತಿಕೆ. ಆದಾಗ್ಯೂ ಸರ್ವರು ಇಲ್ಲ, ಕರೆಂಟು ಇಲ್ಲ, ಹೆಬ್ಬೆಟ್ಟು ಹೊಂದುತ್ತಿಲ್ಲ ಎಂಬ ಹೊಸ ಉತ್ತರಗಳು ಹಳೆಯ ಉತ್ತರದ ಪೀಠವನ್ನೇರಿದವು. ಉಪನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶವನ್ನು ‘ಭೂಮಿ’ಗೆ ಜೋಡಿಸಿದ ಮೇಲೆ ಖರೀದಿಯ ಸಂಗತಿಯು ರೈತನ ವರ್ದಿಗಾಗಿ ಕಾದುನಿಲ್ಲದೆ ತಾನೇ ಹರಿದು ಹೋಗತೊಡಗಿತು. ವಾರಸಾ ಮಾತ್ರ ಹಾಗೆ ಹರಿಯಲಿಲ್ಲ. ಸತ್ತವನ ಮಕ್ಕಳು ಕಾಗದ ಹಿಡಿದು ಹೋಗಬೇಕಾಗಿತ್ತು.

ಎಲ್ಲಕ್ಕಿಂತ ಹಿಂದುಳಿದುದು ಬೆಳೆಯ ಕಾಲಮ್ಮು. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಕಡಲೆ, ನಡುವೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಹಂಗಾಮಿಗೊಂದು ಬಣ್ಣ ತಾಳುವ ಹೊಲದ ಸಂಗತಿಯನ್ನು ಚಾವಡಿಯಲ್ಲಿ ಕುಳಿತೇ ಬರೆಯುತ್ತಿದ್ದ ಕಾಲದಲ್ಲಿ, ಹೋದ ವರ್ಷದ ಬೆಳೆಯೇ ಈ ವರ್ಷವೂ ಉತಾರದಲ್ಲಿ ಬೆಳೆದಿರುತ್ತಿದ್ದುದು ಆಶ್ಚರ್ಯವಲ್ಲ. ಬೆಳೆವಿಮೆಯೂ ಬೆಂಬಲ ಬೆಲೆಯ ಖರೀದಿಯೂ ಈ ಕಾಲಮ್ಮಿಗೆ ಗಂಟುಬಿದ್ದ ಮೇಲೆ ಆ ತಪ್ಪು ದುಬಾರಿಯಾಯಿತು. 2020ರ ಮುಂಗಾರಿನಲ್ಲಿ ಸರಕಾರವು ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪನ್ನು ಕೊಟ್ಟಿತು. ಊರಿನ ನಕಾಶೆಯನ್ನು ಮೊಬೈಲಿಗೆ ಇಳಿಸಿಕೊಂಡು, ಹೊಲದ ಎಲ್ಲೆಯೊಳಗೇ ನಿಂತು, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ಆರಿಸಿ ಫೋಟೋ ತೆಗೆಯಬೇಕು. ಎಲ್ಲೆ ದಾಟಿ ಬದುವಿನ ಆಚೆ ನಿಂತರೆ ಆ್ಯಪು ಒಪ್ಪುವುದಿಲ್ಲ. ಎರಿಹೊಲದ ನಡುವೆ ನೆಟ್‌ವರ್ಕು ಸಿಗದಿದ್ದರೆ ಫೋಟೋ ಮೊಬೈಲಿನಲ್ಲಿಯೇ ಉಳಿದು, ಊರಿಗೆ ಬಂದ ಮೇಲೆ ಒಟ್ಟಾಗಿ ಅಪ್‌ಲೋಡ್ ಆಗುತ್ತದೆ. ತಪ್ಪು ಬಿದ್ದರೆ ‘ಬೆಳೆ ದರ್ಶಕ’ ಎಂಬ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಸ್ವತಃ ಮಾಡಲಾರದವರ ಹೊಲಗಳಿಗೆ, ಸಮೀಕ್ಷೆಗೆಂದೇ ನೇಮಿಸಿಕೊಂಡ ‘ಖಾಸಗಿ ನಿವಾಸಿ’ ಎಂಬ ಊರ ಹುಡುಗನು ಪ್ಲಾಟಿಗಿಷ್ಟೆಂದು ಸಂಭಾವನೆ ಪಡೆದು ಹೋಗಿ ಬರುತ್ತಾನೆ. ಕುಲಕರ್ಣಿಯ ಪೀಠ ಹೋಗಿ ದಶಕಗಳಾದವು. ಹೊಲಕ್ಕೂ ದಪ್ತರಕ್ಕೂ ನಡುವಿನ ಆ ಜಾಗವನ್ನು ಈಗ ಪ್ಯಾಂಟಿನ ಜೇಬಿನಲ್ಲಿ ಪವರ್‌ಬ್ಯಾಂಕು ಇಟ್ಟುಕೊಂಡ ಒಬ್ಬ ತರುಣನು ತುಂಬಿದ್ದಾನೆ.

ಇತ್ತೀಚೆಗೆ, 2024ರಿಂದ, ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಲಾಗುತ್ತಿದೆ. ಗೆದ್ದಲಿಗೂ ಕೈಚಳಕಕ್ಕೂ ಅಂಜಬೇಕಾಗಿಲ್ಲವೆಂಬುದು ನಿಜವಾಗಿ ಸಂತೋಷದ ವಿಷಯ. ಮುಂಬಯಿ ಆಡಳಿತದ ಈ ಜಿಲ್ಲೆಗಳ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯವು ಅನೇಕ. ಅವುಗಳ ಚಿತ್ರವು ಎಷ್ಟೇ ಶೀಘ್ರವಾಗಿ ಪರದೆಯ ಮೇಲೆ ಮೂಡಿದರೂ, ಅದರಲ್ಲಿ ಅಜ್ಜನ ಹೆಸರು ಇದೆಯೋ ಇಲ್ಲವೋ ಎಂದು ತಿಳಿಯಬೇಕಾದ ಮೊಮ್ಮಗನು ಆ ಲಿಪಿಯನ್ನು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಅಂಥವರು ಈಗ ತೀರ ವಿರಳ, ಓದಿಕೊಡಲು ಅವರು ಹೇಳಿದ ದಿನವೇ ದಿನ.