ಬೀಸುಕಲ್ಲಿನ ಬಳಿ ಕುಳಿತ ಉಪದೇಶ

ವಾದದಿಂದ ಮನುಷ್ಯನ ಬಾಯಿ ಮುಚ್ಚಿಸುವುದು ಸುಲಭ. ಮನಸ್ಸು ತೆರೆಸುವುದು ಕಷ್ಟ. ಈ ಮಾತನ್ನು ನಾವು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇವೆ. ಆದರೆ ಅದರ ಅರ್ಥವನ್ನು ನಮಗೆ ಕಲಿಸಿದ್ದು ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಒಂದು ಮನೆಯ ಜಗುಲಿ.

ಆ ಮನೆಯ ಮಗಳು ಹತ್ತನೆಯ ತರಗತಿ ಮುಗಿಸಿದ್ದಳು. ಇನ್ನು ಓದು ಸಾಕೆಂದು ತಂದೆ ತೀರ್ಮಾನಿಸಿದ್ದರು. ನಾವು ಹೋಗಿ, ಜ್ಞಾನಾರ್ಜನೆಯ ಮಹತ್ವದ ಕುರಿತು ಒಂದು ಗಂಟೆ ಮಾತನಾಡಿದೆವು. ಅವರು ಗೌರವದಿಂದ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು, ಒಂದಕ್ಕೂ ಎದುರು ನುಡಿಯಲಿಲ್ಲ, ತಮ್ಮ ತೀರ್ಮಾನವನ್ನೂ ಬದಲಿಸಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಮೆಕ್ಕೆಜೋಳದ ಕಾಳು ಬಿಡಿಸುತ್ತಿದ್ದ ನೆರೆಮನೆಯ ಹಿರಿಯ ಖಾಲಾ ತಲೆ ಎತ್ತದೆಯೇ ಕೇಳಿದರು: “ನಿಮ್ಮವ್ವನ ಗುಳಿಗಿ ಚೀಟಿ ಇಷ್ಟು ದಿನ ಓದಿ ಹೇಳಿದಾಕಿ ಯಾರಪ್ಪಾ?” ತಂದೆ ಉತ್ತರಿಸಲಿಲ್ಲ. ಮರುವಾರ ಅವರೇ ಪಿಯುಸಿ ಅರ್ಜಿಯನ್ನು ಹಿಡಿದು, ತುಂಬಿಕೊಡಿರೆಂದು ನಮ್ಮಲ್ಲಿಗೆ ಬಂದರು.

ನಮ್ಮ ಒಂದು ಗಂಟೆಯ ಮಾತಿನಿಂದ ಆಗದ ಕೆಲಸ ಆ ತಾಯಿಯ ಒಂದು ಪ್ರಶ್ನೆಯಿಂದ ಹೇಗಾಯಿತು? ಇದನ್ನು ಯೋಚಿಸುತ್ತ ಹೋದಂತೆ ನಮಗೆ ನಮ್ಮ ನಾಡಿನದೇ ಒಂದು ಹಳೆಯ ಇತಿಹಾಸ ನೆನಪಾಯಿತು.

ಬಿಜಾಪುರದಲ್ಲಿ ಆದಿಲ್‌ಶಾಹಿ ಸುಲ್ತಾನರು 1490ರಿಂದ 1686ರವರೆಗೆ ಆಳಿದರು. ಅರಮನೆಯ ಮತ್ತು ವಿದ್ವಾಂಸರ ಭಾಷೆ ಪಾರಸಿಯಾಗಿತ್ತು, ಧರ್ಮಗ್ರಂಥಗಳು ಅರಬಿಯಲ್ಲಿದ್ದವು. ಹಿಟ್ಟು ಬೀಸುವ, ನೂಲು ತೆಗೆಯುವ, ತೊಟ್ಟಿಲು ತೂಗುವ ಸಾಮಾನ್ಯ ಮಹಿಳೆಗೆ ಇವೆರಡೂ ಬಾರದು. ಅವಳಿಗೆ ಅಲ್ಲಾಹನ ಸಂದೇಶವನ್ನು ತಲುಪಿಸುವವರು ಯಾರು? ಬಿಜಾಪುರದ ಹೊರವಲಯದ ಶಹಾಪುರ ಗುಡ್ಡದ ಮೇಲೆ ನೆಲೆಸಿದ್ದ ಸೂಫಿ ಮನೆತನವೊಂದು ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿತು. ಆ ಮನೆತನದ ಹಿರಿಯರಾದ ಶಾಹ್ ಮೀರಾಂಜಿ ಶಮ್ಸುಲ್ ಉಶ್ಶಾಖ್ ಅವರು ಅರಬಿ, ಪಾರಸಿ ತಿಳಿಯದವರಿಗಾಗಿ ದಖ್ಖನಿಯಲ್ಲಿ ಬರೆದರು. ಆಡುಭಾಷೆಯೆಂದು ಹೀಗಳೆಯದೆ ಅದರೊಳಗಿನ ಅರ್ಥವನ್ನು ನೋಡಬೇಕೆಂದು ಓದುಗರಿಗೆ ವಿವರಿಸಿದರು. ಅವರ ‘ಖುಷ್‌ನಾಮಾ’ ಖುಷ್ ಎಂಬ ಹುಡುಗಿಯನ್ನು ಕುರಿತ ಕೃತಿ. ಮಗನಾದ ಬುರ್ಹಾನುದ್ದೀನ್ ಜಾನಂ ಅವರೂ ಅದೇ ಭಾಷೆಯಲ್ಲಿ ಬರೆದರು.

ಇದೇ ಪರಂಪರೆಯಲ್ಲಿ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾಗಳು ಹುಟ್ಟಿಕೊಂಡವು. ಚಕ್ಕಿನಾಮಾ ಬೀಸುವಾಗಿನ ಹಾಡು, ಚರಖಾನಾಮಾ ನೂಲುವಾಗಿನ ಹಾಡು, ಲೋರಿನಾಮಾ ಜೋಗುಳ. ಚಕ್ಕಿನಾಮಾದಲ್ಲಿ ಬೀಸುಕಲ್ಲಿನ ನೆಟ್ಟಗಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಲಾಗಿದೆ; ಅಲಿಫ್ ಅಲ್ಲಾಹನ ನಾಮದ ಮೊದಲ ಅಕ್ಷರ. ಮಸೀದಿಗೂ ಮದರಸಕ್ಕೂ ಬರಲು ಬಿಡುವಿಲ್ಲದ ಮಹಿಳೆಗೆ ಅವಳ ಕೈಯಲ್ಲಿದ್ದ ಗೂಟವೇ ಮೊದಲ ಪಾಠವಾಯಿತು. ಅವಳು ಕೆಲಸ ನಿಲ್ಲಿಸಬೇಕಾಗಿರಲಿಲ್ಲ. ಉಪದೇಶವೇ ಎದ್ದು ಬಂದು ಅವಳ ಕೆಲಸದ ಪಕ್ಕದಲ್ಲಿ ಕುಳಿತಿತು.

ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹಾಡುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಇವುಗಳ ಪ್ರಭಾವ ಬಲಾತ್ಕಾರದ್ದಾಗಿರಲಿಲ್ಲ. ಮಹಿಳೆಯರ ಬಾಯಿಂದ ಮಕ್ಕಳ ಕಿವಿಗೆ, ತಲೆಮಾರಿನಿಂದ ತಲೆಮಾರಿಗೆ ಅದು ಬಹಳ ನಿಧಾನವಾಗಿ ಇಳಿಯಿತೆಂಬುದು ಅವರ ವಿವೇಚನೆ. ಸೂಫಿಗಳ ಎಲ್ಲ ವಿಚಾರಗಳನ್ನು ಒಪ್ಪದವರು ನಮ್ಮ ಓದುಗರಲ್ಲಿ ಇರಬಹುದು. ನಾವಿಲ್ಲಿ ಗಮನಿಸುತ್ತಿರುವುದು ಅವರು ಜನರನ್ನು ತಲುಪಿದ ವಿಧಾನವನ್ನು ಮಾತ್ರ.

ಚಿಗಳ್ಳಿಗೆ ಸಮೀಪದ ಬಂಕಾಪುರವನ್ನು ಇದರ ಜೊತೆಗಿಟ್ಟು ನೋಡಿರಿ. 1570ರ ದಶಕದಲ್ಲಿ ಮೊದಲನೆಯ ಅಲಿ ಆದಿಲ್‌ಶಾಹನ ಸೈನ್ಯ ಆ ಕೋಟೆಯನ್ನು ಮುತ್ತಿಗೆ ಹಾಕಿ ಗೆದ್ದಿತು. ಇಂದು ಅದೇ ಕೋಟೆಯ ಆವರಣ ನವಿಲುಧಾಮವಾಗಿದೆ. ಬಿಜಾಪುರವೂ 1686ರಲ್ಲಿ ಔರಂಗಜೇಬನ ವಶವಾಯಿತು. ಗೆದ್ದವರೂ ಹೋದರು, ಸೋತವರೂ ಹೋದರು. ಸೈನ್ಯವಿಲ್ಲದವರು ಕಟ್ಟಿದ ಬೀಸುಕಲ್ಲಿನ ಹಾಡುಗಳ ಮಾತನ್ನು ನಾವು ಇಂದಿಗೂ ಆಡುತ್ತಿದ್ದೇವೆ.

ಬಂಕಾಪುರವಿರುವ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಶಿಶುನಾಳವೂ ಇದೆ. ಅಲ್ಲಿಯ ಶರೀಫ ಸಾಹೇಬರು (1819–1889) ಕೆಲಕಾಲ ಶಾಲಾ ಶಿಕ್ಷಕರಾಗಿದ್ದವರು. ಅವರು ಇದೇ ವಿಧಾನವನ್ನು ಕನ್ನಡಕ್ಕೆ ತಂದರು. ಸೋರುವ ಮಾಳಿಗೆಯನ್ನು ತೋರಿಸಿ ಅಜ್ಞಾನದ ಮಾತನಾಡಿದರು. ಮೊಹರಂ ಸಂದರ್ಭಕ್ಕೆ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಕಟ್ಟಿದರು. ಮಳೆಗಾಲದಲ್ಲಿ ಮನೆ ಸೋರುವುದನ್ನು ಕಂಡ ರೈತನಿಗೆ ಆ ಪದದ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯವೇನಿತ್ತು?

ಪ್ರತಿಯೊಬ್ಬ ಸಂದೇಶವಾಹಕರನ್ನೂ ಅವರವರ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತೆಂದು ಪವಿತ್ರ ಕುರ್‌ಆನಿನ ಸೂರಃ ಇಬ್ರಾಹೀಮ್ ತಿಳಿಸುತ್ತದೆ. ಜನರ ಭಾಷೆಯೆಂದರೆ ಪದಕೋಶ ಮಾತ್ರವಲ್ಲ. ಅವರ ಕೆಲಸ, ಭಯ, ಹಸಿವು, ಮನೆಯ ಲೆಕ್ಕಾಚಾರ ಎಲ್ಲವೂ ಅದರಲ್ಲಿ ಸೇರಿದೆ. ಸೂರಃ ಅಲ್ ಗಾಶಿಯಃ ಇನ್ನೊಂದು ಎಚ್ಚರಿಕೆಯನ್ನು ನೀಡುತ್ತದೆ. ಪ್ರವಾದಿ ಮುಹಮ್ಮದರ (ಸ) ಹೊಣೆ ನೆನಪಿಸುವುದಷ್ಟೇ; ಜನರ ಮೇಲೆ ಅಧಿಕಾರ ಚಲಾಯಿಸಲು ಅವರನ್ನು ನೇಮಿಸಿಲ್ಲ. ಪ್ರವಾದಿಗಳಿಗೇ ಕೊಡದ ಅಧಿಕಾರ ತಂದೆಗೆ, ಗುರುವಿಗೆ, ಜಮಾಅತಿನ ಹಿರಿಯನಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಮನವೊಲಿಸುವವನು ಎದುರಿನವನಿಗೆ ಒಪ್ಪದಿರುವ ಸ್ವಾತಂತ್ರ್ಯವನ್ನೂ ಬಿಟ್ಟುಕೊಡಬೇಕು. ಹಾಗೆ ಬಿಡದೆ ಪಡೆದ ಒಪ್ಪಿಗೆ, ನಾವು ಮನೆಯ ಹೊಸ್ತಿಲು ದಾಟಿದೊಡನೆ ಅಳಿದುಹೋಗುತ್ತದೆ.

ಇಂದು ನಮ್ಮ ಮನೆಗಳಲ್ಲಿ ಬೀಸುಕಲ್ಲು ಮೂಲೆ ಸೇರಿದೆ. ಆದರೆ ನಮಾಝಿಗೆ ಏಳದ ಮಗ, ಮೊಬೈಲು ಬಿಡದ ತಮ್ಮ, ಸಾಲ ಮಾಡಿ ಮದುವೆಗೆ ಸುರಿಯುವ ಸಂಬಂಧಿಕ ಎಲ್ಲರೂ ಇದ್ದಾರೆ. ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಉಪದೇಶಿಸುವ ಮೊದಲು, ಅವರ ಕೈಯಲ್ಲಿ ಈಗ ಯಾವ ಗೂಟವಿದೆಯೆಂದು ನೋಡೋಣ. ಮಗ ಹೊಲಕ್ಕೆ ಹೊರಟಾಗ ಜೊತೆಗೆ ಹೋಗೋಣ. ಮದುವೆಯ ಖರ್ಚಿನ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಕುಳಿತು ಸಾಲದ ಕಂತನ್ನೂ ಕೂಡಿಸಿ ತೋರಿಸೋಣ.

ಅಂದು ಜಗುಲಿಯಲ್ಲಿ ನಮ್ಮ ಮಾತು ಸುಳ್ಳಾಗಿರಲಿಲ್ಲ. ಆದರೆ ನಾವು ನಮ್ಮ ಗ್ರಂಥಗಳ ನಡುವೆ ಕುಳಿತು ಮಾತನಾಡಿದ್ದೆವು. ಖಾಲಾ ಆ ತಂದೆಯ ಮನೆಯೊಳಗೆ ಕುಳಿತು ಕೇಳಿದ್ದರು. ಸತ್ಯವನ್ನು ತಿಳಿಯುವ ಜ್ಞಾನದೊಂದಿಗೆ, ಅದನ್ನು ಕೇಳುವವನ ಬಳಿಗೆ ಒಯ್ಯುವ ವಿನಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಕರುಣಿಸಲಿ. ಆಮೀನ್.