ನಿರ್ಮಾಣ ಡ್ರೋನ್

ನಿರ್ಮಾಣ ಡ್ರೋನ್ ಎಂಬುದು ಕಟ್ಟಡ, ಸೇತುವೆ, ಗೋಪುರ ಮೊದಲಾದವುಗಳ ಎತ್ತರದ ಭಾಗಗಳಿಗೆ ಸಾಮಗ್ರಿ ಸಾಗಿಸಲು, ಬಿಡಿಭಾಗಗಳನ್ನು ಜೋಡಿಸಲು ಹಾಗೂ ಲೇಪನ ಮಾಡಲು ಅಭಿವೃದ್ಧಿಪಡಿಸಲಾಗುತ್ತಿರುವ ಮಾನವರಹಿತ ವಿಮಾನ. ನಿವೇಶನದ ಸಮೀಕ್ಷೆ ಮತ್ತು ಛಾಯಾಚಿತ್ರಣಕ್ಕೆ ಡ್ರೋನ್‌ಗಳ ಬಳಕೆ ಈಗ ಸಾಮಾನ್ಯವಾಗಿದೆ. ಆದರೆ ಭಾರ ಹೊತ್ತು ಕಟ್ಟುವ ಕೆಲಸ ಮಾಡುವ ಡ್ರೋನ್‌ಗಳು ಬಹುಮಟ್ಟಿಗೆ ಪ್ರಾಯೋಗಿಕ ಹಂತದಲ್ಲಿವೆ.

ಹಿನ್ನೆಲೆ

ಎತ್ತರದಿಂದ ಬೀಳುವುದು ನಿರ್ಮಾಣ ಕಾರ್ಮಿಕರ ಸಾವಿನ ಪ್ರಮುಖ ಕಾರಣಗಳಲ್ಲೊಂದು. ಸಾರುವೆ ಕಟ್ಟುವ ಮತ್ತು ಬಿಚ್ಚುವ ಕೆಲಸವೂ ಅಪಾಯಕರವೇ. ಕಾರ್ಮಿಕರನ್ನು ಮೇಲೇರಿಸದೆ ಕೆಲಸ ಪೂರೈಸುವುದು ಈ ತಂತ್ರಜ್ಞಾನದ ಮುಖ್ಯ ಉದ್ದೇಶವಾಗಿದೆ. ವಾಯುಮಾರ್ಗದ ನಿರ್ಮಾಣ ಹೊಸದಲ್ಲ. 1975ರಲ್ಲಿ ಕೆನಡಾದ ಟೊರಾಂಟೊ ನಗರದ ಸಿ.ಎನ್. ಟವರ್‌ನ ಆಂಟೆನಾವನ್ನು ಸಿಕೋರ್ಸ್ಕಿ ಎಸ್-64 ಹೆಲಿಕಾಪ್ಟರ್ ಬಿಡಿಭಾಗಗಳಾಗಿ ಮೇಲೊಯ್ದಿತು. ಆದರೆ ಅವುಗಳನ್ನು ಬೋಲ್ಟ್‌ಗಳಿಂದ ಬಿಗಿಯಲು ಕಾರ್ಮಿಕರು ಗೋಪುರದ ತುದಿಯಲ್ಲಿಯೇ ಇರಬೇಕಾಗಿತ್ತು.

ತಾಂತ್ರಿಕ ಸವಾಲುಗಳು

ಮುಖ್ಯ ಅಡಚಣೆ ಭಾರ. ರೋಟರ್‌ಗಳ ಗಾತ್ರವನ್ನು ಬದಲಿಸದೆ ಒಟ್ಟು ತೂಕವನ್ನು ಎರಡು ಪಟ್ಟು ಹೆಚ್ಚಿಸಿದರೆ, ಗಾಳಿಯಲ್ಲಿ ನಿಲ್ಲಲು ಬೇಕಾಗುವ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ದೊಡ್ಡ ಬ್ಯಾಟರಿ ಅಳವಡಿಸಿದರೆ ಡ್ರೋನ್‌ನ ಸ್ವಂತ ತೂಕವೇ ಏರುತ್ತದೆ. ಸರಕು ಸಾಗಣೆಗೆಂದೇ ರೂಪಿಸಿದ ಡಿಜೆಐ ಫ್ಲೈಕಾರ್ಟ್ 30 ಎರಡು ಬ್ಯಾಟರಿಗಳೊಂದಿಗೆ 30 ಕಿ.ಗ್ರಾಂ. ಹೊರುತ್ತದೆ, ಭಾರತದ ಮಾರುಕಟ್ಟೆಯ ಒಂದು ಸಿಮೆಂಟ್ ಚೀಲದ ತೂಕ 50 ಕಿ.ಗ್ರಾಂ.

ನೆಲದಿಂದ ತಂತಿಯ ಮೂಲಕ ವಿದ್ಯುತ್ ಪೂರೈಸುವುದು ಒಂದು ಪರಿಹಾರ. ಇದರಿಂದ ಹಾರಾಟದ ಅವಧಿ ಹೆಚ್ಚುತ್ತದೆಯಾದರೂ ಎತ್ತರ ಹೆಚ್ಚಿದಂತೆ ತಂತಿಯ ಭಾರವೂ ಹೆಚ್ಚುತ್ತದೆ. ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್‌ಗಳ ಸಂಯೋಜನೆ ಹಾಗೂ ಹಲವು ಡ್ರೋನ್‌ಗಳು ಒಂದೇ ಹೊರೆಯನ್ನು ಹೊರುವ ವ್ಯವಸ್ಥೆ ಇತರ ಮಾರ್ಗಗಳಾಗಿವೆ.

ಗೋಡೆಗೆ ರಂಧ್ರ ಕೊರೆಯುವಾಗ ಉಂಟಾಗುವ ಪ್ರತಿಬಲವು ಆಧಾರವಿಲ್ಲದೆ ನಿಂತಿರುವ ಡ್ರೋನ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಕಟ್ಟಡದ ಅಂಚಿನಲ್ಲಿ ಬೀಸುವ ಗಾಳಿ ಮತ್ತು ತೂಗಾಡುವ ಹೊರೆ ನಿಯಂತ್ರಣವನ್ನು ಇನ್ನಷ್ಟು ಕಷ್ಟಗೊಳಿಸುತ್ತವೆ.

ಪ್ರಮುಖ ಪ್ರಯೋಗಗಳು

2011–12ರಲ್ಲಿ ಫ್ರಾನ್ಸ್‌ನ ಓರ್ಲಿಯಾನ್ಸ್ ನಗರದ ಪ್ರದರ್ಶನವೊಂದರಲ್ಲಿ ಡ್ರೋನ್‌ಗಳು 1,500 ಹಗುರ ಫೋಮ್ ಇಟ್ಟಿಗೆಗಳಿಂದ 6 ಮೀಟರ್ ಎತ್ತರದ ಗೋಪುರವನ್ನು ಜೋಡಿಸಿದವು. ವಾಸ್ತುಶಿಲ್ಪಿಗಳಾದ ಗ್ರಾಮಾಜಿಯೊ ಮತ್ತು ಕೋಲರ್ ಹಾಗೂ ರಾಫೆಲೊ ಡಿ'ಆಂಡ್ರಿಯ ಇದನ್ನು ರೂಪಿಸಿದ್ದರು. 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ಸಂಸ್ಥೆಯಲ್ಲಿ ಡ್ರೋನ್‌ಗಳು 7.4 ಮೀಟರ್ ಉದ್ದದ, ಮನುಷ್ಯ ದಾಟಬಲ್ಲ ಹಗ್ಗದ ಸೇತುವೆಯನ್ನು ಹೆಣೆದವು. ಲಂಡನ್‌ನ ಇಂಪೀರಿಯಲ್ ಕಾಲೇಜಿನ ಮಿರ್ಕೊ ಕೊವಾಚ್ ನೇತೃತ್ವದ ತಂಡವು ಡ್ರೋನ್‌ಗಳಿಂದ 3ಡಿ ಮುದ್ರಣ ನಡೆಸಿ, 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿತು. ಫೋಮ್‌ನಿಂದ 2.05 ಮೀಟರ್ ಎತ್ತರದ ಸ್ತಂಭಾಕೃತಿ ಮೂಡಿತು. ಹೆಚ್ಚು ಭಾರದ ಸಿಮೆಂಟ್ ಮಿಶ್ರಣದಿಂದ ಮೂಡಿದ ಆಕೃತಿಯ ಎತ್ತರ 18 ಸೆಂ.ಮೀ. ಮಾತ್ರ.

ಪ್ರಸ್ತುತ ಬಳಕೆ

ವಿದ್ಯುತ್ ಪ್ರಸರಣ ಮಾರ್ಗಗಳ ನಿರ್ಮಾಣದಲ್ಲಿ ಡ್ರೋನ್ ಮೊದಲಿಗೆ ಹಗುರವಾದ ಹಗ್ಗವೊಂದನ್ನು ಗೋಪುರದಿಂದ ಗೋಪುರಕ್ಕೆ ಒಯ್ಯುತ್ತದೆ. ಅದಕ್ಕೆ ದಪ್ಪ ಹಗ್ಗವನ್ನೂ ಬಳಿಕ ವಾಹಕ ತಂತಿಯನ್ನೂ ಕಟ್ಟಿ ನೆಲದ ಮೇಲಿನ ಯಂತ್ರಗಳಿಂದ ಎಳೆಯಲಾಗುತ್ತದೆ. ಹೀಗೆ ಎತ್ತರದ ಹಗುರ ಕೆಲಸವನ್ನು ಡ್ರೋನ್‌ಗೂ ಭಾರದ ಕೆಲಸವನ್ನು ನೆಲದ ಯಂತ್ರಕ್ಕೂ ಹಂಚುವ ಕ್ರಮವು ಕಣಿವೆ, ನದಿ ಮತ್ತು ಅರಣ್ಯಗಳನ್ನು ದಾಟುವಲ್ಲಿ ವಿಶೇಷವಾಗಿ ಉಪಯುಕ್ತ.

ಭಾರತದಲ್ಲಿ ನಿಯಮಗಳು

2021ರ ಡ್ರೋನ್ ನಿಯಮಗಳು ಹೊರೆಯೂ ಸೇರಿದಂತೆ ಒಟ್ಟು ತೂಕದ ಆಧಾರದಲ್ಲಿ ಡ್ರೋನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸುತ್ತವೆ. 25ರಿಂದ 150 ಕಿ.ಗ್ರಾಂ. ವರೆಗಿನವು ಮಧ್ಯಮ ವರ್ಗಕ್ಕೂ ಅದಕ್ಕಿಂತ ಭಾರವಾದವು ಬೃಹತ್ ವರ್ಗಕ್ಕೂ ಸೇರುತ್ತವೆ. ಹಸಿರು ವಲಯದಲ್ಲಿ 400 ಅಡಿ (120 ಮೀಟರ್) ಎತ್ತರದವರೆಗಿನ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ. ಅದಕ್ಕಿಂತ ಎತ್ತರದ ಹಾರಾಟಕ್ಕೆ ಅನುಮತಿ ಅಗತ್ಯ.